ಇಂಟರ್ನ್‌ಶಿಪ್ ರಿಪೋರ್ಟ್: ಪೇಜ್ ಸೆಟಪ್‌ನಿಂದ ರೆಫರೆನ್ಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್‌ಗೆಂದು ಕಟ್ಟಡದ ಸೈಟಿಗೆ ಹೋಗಿ, ಬಿಸಿಲಲ್ಲಿ ನಿಂತು, ಕಂಬಿ ಎಣಿಸಿ, ಟೆಸ್ಟಿಗೆ ಕಾಂಕ್ರೀಟ್ ಕ್ಯೂಬ್ ತುಂಬಿ ಕೆಲಸ ಕಲಿತವರ ರಿಪೋರ್ಟ್ ತೆರೆದರೆ ಅದರಲ್ಲಿ ಅವರೇ ಕಾಣುವುದಿಲ್ಲ. ಮೊದಲ ಅಧ್ಯಾಯ ಕಂಪನಿಯ ವೆಬ್‌ಸೈಟಿನಿಂದ ಬಂದಿರುತ್ತದೆ. ಎರಡನೆಯದು ಸೀನಿಯರ್ ರಿಪೋರ್ಟಿನಿಂದ. ಮೂರನೆಯದರಲ್ಲಿ ಕಾಂಕ್ರೀಟ್ ಎಂದರೇನು, ಸಿಮೆಂಟ್ ಎಂದರೇನು ಎಂಬ ಪಾಠ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮಾತಾಡಿಸಿದರೆ ಅವರೇ ಎಷ್ಟು ಚೆನ್ನಾಗಿ ವಿವರಿಸುತ್ತಾರೆ! ಆ ಕಲಿಕೆ ಕಾಗದದ ಮೇಲೆ ಬಂದೇ ಇರುವುದಿಲ್ಲ.

ರಿಪೋರ್ಟ್ ಓದುವವರಿಗೆ ಮೊದಲು ಬೇಕಾದ ಉತ್ತರ ಒಂದೇ. ಇದರಲ್ಲಿ ನೀವು ಕಣ್ಣಾರೆ ನೋಡಿದ್ದು ಯಾವುದು, ಬೇರೆ ಕಡೆಯಿಂದ ತೆಗೆದುಕೊಂಡಿದ್ದು ಯಾವುದು? ರೆಫರೆನ್ಸ್ ಇರುವುದೇ ಈ ಎರಡರ ನಡುವೆ ಗೆರೆ ಎಳೆಯಲಿಕ್ಕೆ. ಫಾರ್ಮ್ಯಾಟಿಂಗ್ ಇರುವುದು ಓದುವವರು ಆ ಗೆರೆಯನ್ನು ಸುಲಭವಾಗಿ ಕಾಣಲಿ ಅಂತ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಉದಾಹರಣೆಗೆ ನಾನು ತೆಗೆದುಕೊಳ್ಳುವುದು ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕಾಲೇಜಿನ ಒಬ್ಬ ಸಿವಿಲ್ ವಿದ್ಯಾರ್ಥಿಯನ್ನು. ಅಪಾರ್ಟ್‌ಮೆಂಟ್ ಸೈಟಿನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರವಣಿಗೆ, ಮೂಲಗಳಿಗೆ [1], [2] ಅಂತ ಸಂಖ್ಯೆ ಕೊಡುವ ಐಇಇಇ ಶೈಲಿಯ ರೆಫರೆನ್ಸ್. ಬೇರೆ ಬ್ರಾಂಚಿನವರು, ಎಂಬಿಎ, ಬಿಬಿಎ ಓದುವವರು ಸೈಟಿನ ಜಾಗದಲ್ಲಿ ತಮ್ಮ ಆಫೀಸನ್ನೋ ಫ್ಯಾಕ್ಟರಿಯನ್ನೋ ಇಟ್ಟುಕೊಂಡು ಓದಿ. ಇಲ್ಲಿ ಹೇಳಿದ ಅಳತೆಗೂ ನಿಮ್ಮ ಡಿಪಾರ್ಟ್‌ಮೆಂಟ್ ಕೊಟ್ಟ ಅಳತೆಗೂ ವ್ಯತ್ಯಾಸ ಬಂದರೆ ಡಿಪಾರ್ಟ್‌ಮೆಂಟ್ ಹೇಳಿದ್ದೇ ಅಂತಿಮ.

ಹೆಜ್ಜೆ 1: ಸೈಟ್ ಬಿಡುವ ಮೊದಲು ಕೂಡಿಸಿಕೊಳ್ಳಿ

ರಿಪೋರ್ಟ್ ಶುರುವಾಗುವುದು ಲ್ಯಾಪ್‌ಟಾಪ್ ಮುಂದೆ ಅಲ್ಲ, ಸೈಟಿನಲ್ಲಿ. ಒಂದು ಸಣ್ಣ ಡೈರಿ ಇಡಿ. ದಿನವೂ ಸಂಜೆ ನಾಲ್ಕೈದು ಸಾಲು ಬರೆದರೆ ಸಾಕು. ಆದರೆ ಪ್ರತಿ ಸಾಲಿಗೂ ಮೂಲ ಇರಲಿ. ಯಾವ ಡ್ರಾಯಿಂಗ್ ನೋಡಿದಿರಿ, ಅದರ ನಂಬರ್ ಏನು, ಎಷ್ಟನೇ ರಿವಿಷನ್? ಕ್ಯೂಬ್ ರಿಜಿಸ್ಟರ್‌ನಲ್ಲಿ ಯಾವ ತಾರೀಖಿನ ಎಂಟ್ರಿ? ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) ಎಷ್ಟಿರಬೇಕು ಅಂತ ಹೇಳಿದ್ದು ಸೈಟ್ ಇಂಜಿನಿಯರ್ರೋ, ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಪ್ಲಾಂಟಿನವರೋ, ಮೇಸ್ತ್ರಿಯೋ? ತಿಂಗಳಾದ ಮೇಲೆ ಇದ್ಯಾವುದೂ ನೆನಪಿರುವುದಿಲ್ಲ. ಆಗ ಸುಮ್ನೆ ಗೂಗಲ್ ಮಾಡಿ ತುಂಬಿಸುವ ಕೆಲಸ ಶುರುವಾಗುತ್ತದೆ.

ಫೋಟೋ ತೆಗೆಯುವ ಮುಂಚೆ ಕೇಳಿ. ಡ್ರಾಯಿಂಗ್, ರೇಟು, ಬಿಲ್ಲು, ಗ್ರಾಹಕರ ಹೆಸರು ಇವೆಲ್ಲ ಕಂಪನಿಯ ಸ್ವತ್ತು. ರಿಪೋರ್ಟಿನಲ್ಲಿ ಏನನ್ನು ಹಾಕಬಹುದು ಅಂತ ಇಮೇಲ್‌ನಲ್ಲಿ ಒಂದು ಸಾಲಿನ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಕೆಲಸಗಾರರ ಮುಖ ಕಾಣುವ ಫೋಟೋ ಇದ್ದರೆ ಅವರನ್ನೂ ಕೇಳಬೇಕು. ಅವರು ನಮ್ಮ ರಿಪೋರ್ಟಿನ ಅಲಂಕಾರಕ್ಕೆ ನಿಂತವರಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರಿನ ಸ್ಪೆಲ್ಲಿಂಗ್, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ನಂಬರ್), ಶುರುವಾದ ದಿನ, ಮುಗಿದ ದಿನ, ಸಹಿ, ಸೀಲು. ಸರ್ಟಿಫಿಕೇಟಿನಲ್ಲಿ ಒಂದು ತಾರೀಖು, ರಿಪೋರ್ಟಿನಲ್ಲಿ ಇನ್ನೊಂದು ಇದ್ದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಆಗುತ್ತದೆ.

ಹೆಜ್ಜೆ 2: ಸೀನಿಯರ್ ಫೈಲಿನ ಮೇಲೆ ಬರೆಯಬೇಡಿ

ಸೀನಿಯರ್ ರಿಪೋರ್ಟ್ ನೋಡುವುದರಲ್ಲಿ ತಪ್ಪಿಲ್ಲ. ಪುಟಗಳ ಕ್ರಮ, ಕವರ್ ಪೇಜಿನ ವಿನ್ಯಾಸ ತಿಳಿಯಲು ಅದು ಬೇಕು ಕೂಡ. ಆದರೆ ಅದೇ ಫೈಲ್ ತೆರೆದು ಹೆಸರು ಬದಲಿಸಿ ಮುಂದುವರಿದರೆ ಅವರ ತಪ್ಪೆಲ್ಲ ನಿಮ್ಮ ತಲೆಗೆ ಬರುತ್ತದೆ. ಬೆಳಗಾವಿ, ಬೆಂಗಳೂರು ಎಂಬ ಹೆಸರುಗಳು ಇಂಗ್ಲಿಷ್ ದಾಖಲೆಗಳಿಗೂ ಬಂದಿದ್ದು 2014ರ ನವೆಂಬರ್ 1ರಿಂದ. ಆದರೂ ಕವರ್ ಪೇಜಿನಲ್ಲಿ ಇವತ್ತಿಗೂ ಬೆಲ್ಗಾಮ್ ಅಂತ ಇರುವ ಫೈಲುಗಳು ಕೈಯಿಂದ ಕೈಗೆ ಓಡಾಡುತ್ತಿವೆ. ಹಳೆಯ ಶೈಕ್ಷಣಿಕ ವರ್ಷ, ವರ್ಗವಾಗಿ ಹೋದ ಎಚ್‌ಒಡಿ ಹೆಸರು, ಡಿಕ್ಲರೇಶನ್ ಮಧ್ಯದಲ್ಲಿ ಉಳಿದುಹೋದ ಬೇರೆಯವರ ಯುಎಸ್‌ಎನ್, ಎಲ್ಲ ಹೀಗೇ ಬರುವುದು. ಫೈಲಿನ ಪ್ರಾಪರ್ಟೀಸ್ ತೆರೆದರೆ ಆಥರ್ ಜಾಗದಲ್ಲಿ ಸೀನಿಯರ್ ಹೆಸರೇ ಕೂತಿರುತ್ತದೆ. ಆದ್ದರಿಂದ ಹೊಸ ಫೈಲ್ ತೆರೆಯಿರಿ. ಒಂದು ಗಂಟೆಯ ಕೆಲಸ, ಅಷ್ಟೇ.

ಹೆಜ್ಜೆ 3: ಒಂದಕ್ಷರ ಟೈಪ್ ಮಾಡುವ ಮೊದಲೇ ಪೇಜ್, ಸ್ಟೈಲ್ ಹೊಂದಿಸಿ

ಲೇಔಟ್ ಮೆನುವಿನಲ್ಲಿ ಸೈಜ್ ಎ4 ಇದೆಯಾ ನೋಡಿ. ಎ4 ಅಂದರೆ 210 × 297 ಮಿಲಿಮೀಟರ್. ಕೆಲವು ವರ್ಡ್‌ಗಳಲ್ಲಿ ಅಮೆರಿಕದ ಲೆಟರ್ ಅಳತೆ ಮೊದಲೇ ಕೂತಿರುತ್ತದೆ. ಅದು ಎ4ಗಿಂತ ಸ್ವಲ್ಪ ಅಗಲ, ಸ್ವಲ್ಪ ಗಿಡ್ಡ. ಕೊನೆಯಲ್ಲಿ ಬದಲಿಸಿದರೆ ಎಲ್ಲ ಪುಟಗಳೂ ಜರುಗುತ್ತವೆ.

ಮಾರ್ಜಿನ್ ಎಡಕ್ಕೆ 1.25 ಅಥವಾ 1.5 ಇಂಚು, ಉಳಿದ ಮೂರು ಕಡೆ 1 ಇಂಚು. ಎಡಕ್ಕೆ ಜಾಸ್ತಿ ಬಿಡುವುದು ಬೈಂಡಿಂಗ್‌ಗಾಗಿ. ಎರಡೂ ಬದಿ ಪ್ರಿಂಟ್ ಮಾಡಲು ಕಾಲೇಜು ಒಪ್ಪಿದರೆ ಮಿರರ್ ಮಾರ್ಜಿನ್ಸ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಎರಡನೇ ಪುಟದಲ್ಲಿ ಅಕ್ಷರಗಳು ಬೈಂಡಿಂಗ್ ಒಳಗೆ ಸೇರಿಕೊಳ್ಳುತ್ತವೆ.

ಮುಂದೆ ಸ್ಟೈಲ್. ಇದೊಂದನ್ನು ಕಲಿತರೆ ಅರ್ಧ ಕಷ್ಟ ಮುಗಿದ ಹಾಗೆ. ಅಧ್ಯಾಯದ ತಲೆಬರಹವನ್ನು ಸೆಲೆಕ್ಟ್ ಮಾಡಿ, ಬೋಲ್ಡ್ ಮಾಡಿ, ಸೈಜ್ 16 ಇಟ್ಟರೆ ಕಣ್ಣಿಗೆ ಅದು ತಲೆಬರಹ. ವರ್ಡ್‌ಗೆ ಮಾತ್ರ ಅದು ದಪ್ಪ ಅಕ್ಷರದ ಸಾಲು, ಅಷ್ಟೇ. ಹೋಮ್ ಮೆನುವಿನ ಸ್ಟೈಲ್ಸ್ ಸಾಲಿನಿಂದ ಹೆಡಿಂಗ್ 1 ಕೊಟ್ಟಾಗ ಮಾತ್ರ ಅದು ಅಧ್ಯಾಯ ಅಂತ ವರ್ಡ್‌ಗೆ ಗೊತ್ತಾಗುವುದು. ವಿಷಯಸೂಚಿ, ಚಿತ್ರಗಳ ಸಂಖ್ಯೆ ಎಲ್ಲವೂ ಇದರ ಮೇಲೆ ನಿಂತಿವೆ.

ಸಾಮಾನ್ಯವಾಗಿ ಒಪ್ಪುವ ಅಳತೆಗಳು ಹೀಗಿವೆ. ನಾರ್ಮಲ್ ಸ್ಟೈಲ್ ಟೈಮ್ಸ್ ನ್ಯೂ ರೋಮನ್ 12, ಸಾಲಿನ ಅಂತರ 1.5, ಎರಡೂ ಅಂಚು ಸಮ. ಹೆಡಿಂಗ್ 1 ಸೈಜ್ 16, ಬೋಲ್ಡ್, ಮಧ್ಯಕ್ಕೆ. ಹೆಡಿಂಗ್ 2 ಸೈಜ್ 14 ಬೋಲ್ಡ್. ಹೆಡಿಂಗ್ 3 ಸೈಜ್ 12 ಬೋಲ್ಡ್. ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡಿಫೈ ಒತ್ತಿ ಇವನ್ನು ತುಂಬಿಸಿ. ವರ್ಡ್ ಕೊಡುವ ನೀಲಿ ಬಣ್ಣ ತೆಗೆದು ಕಪ್ಪು ಮಾಡಿ. ಹೆಡಿಂಗ್ 1ರ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಪೇಜ್ ಬ್ರೇಕ್ ಬಿಫೋರ್ ಟಿಕ್ ಮಾಡಿದರೆ ಪ್ರತಿ ಅಧ್ಯಾಯವೂ ಹೊಸ ಪುಟದಲ್ಲೇ ಶುರುವಾಗುತ್ತದೆ. ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕೆ ತಳ್ಳುವ ಅಭ್ಯಾಸ ದಯವಿಟ್ಟು ಬಿಡಿ. ಮೇಲೆ ಒಂದು ಪ್ಯಾರಾ ಸೇರಿಸಿದ ಕೂಡಲೇ ಆ ಖಾಲಿ ಸಾಲುಗಳೆಲ್ಲ ಪುಟದ ಮಧ್ಯಕ್ಕೆ ಬಂದು ಕೂರುತ್ತವೆ.

1, 1.1, 1.1.1 ಎಂಬ ಸಂಖ್ಯೆಗಳನ್ನೂ ಕೈಯಲ್ಲಿ ಟೈಪ್ ಮಾಡಬೇಡಿ. ಮಲ್ಟಿಲೆವೆಲ್ ಲಿಸ್ಟ್‌ನಲ್ಲಿ ಹೆಡಿಂಗ್‌ಗಳ ಜೊತೆ ಜೋಡಿಸಿರುವ ಮಾದರಿ ಇದೆ, ಅದನ್ನು ಆರಿಸಿ.

ಹೆಜ್ಜೆ 4: ಪುಟಸಂಖ್ಯೆ

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಬೇಕಾಗಿರುವುದು ಇಷ್ಟೇ: ಕವರ್ ಪೇಜಿಗೆ ಸಂಖ್ಯೆ ಇರಬಾರದು. ಡಿಕ್ಲರೇಶನ್, ಅಕ್ನಾಲೆಡ್ಜ್‌ಮೆಂಟ್, ಅಬ್‌ಸ್ಟ್ರಾಕ್ಟ್, ವಿಷಯಸೂಚಿಗೆ ಸಣ್ಣ ರೋಮನ್ ಸಂಖ್ಯೆ. ಮೊದಲ ಅಧ್ಯಾಯದಿಂದ 1, 2, 3.

ಅದಕ್ಕೆ ಫೈಲನ್ನು ಎರಡು ಸೆಕ್ಷನ್ ಮಾಡಬೇಕು. ವಿಷಯಸೂಚಿ ಮತ್ತು ಚಿತ್ರಗಳ ಪಟ್ಟಿ ಮುಗಿದ ಜಾಗದಲ್ಲಿ ಕರ್ಸರ್ ಇಟ್ಟು ಲೇಔಟ್, ಬ್ರೇಕ್ಸ್, ನೆಕ್ಸ್ಟ್ ಪೇಜ್ ಒತ್ತಿ. ಇದು ಪೇಜ್ ಬ್ರೇಕ್ ಅಲ್ಲ, ಸೆಕ್ಷನ್ ಬ್ರೇಕ್. ಹೊಸ ಸೆಕ್ಷನ್ನಿನ ಮೊದಲ ಪುಟ ಹೆಡಿಂಗ್ 1ರಿಂದ ಶುರುವಾಗುವಾಗ ನಡುವೆ ಖಾಲಿ ಪ್ಯಾರಾ ಉಳಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದು ಖಾಲಿ ಪುಟ ಬರುತ್ತದೆ. ಈಗ ಮೊದಲ ಅಧ್ಯಾಯದ ಪುಟದಲ್ಲಿ ಫೂಟರ್ ಮೇಲೆ ಡಬಲ್ ಕ್ಲಿಕ್ ಮಾಡಿ. ಮೇಲೆ ಲಿಂಕ್ ಟು ಪ್ರೀವಿಯಸ್ ಎಂಬ ಬಟನ್ ಹೊತ್ತಿಕೊಂಡಿರುತ್ತದೆ. ಅದನ್ನು ಒತ್ತಿ ಆಫ್ ಮಾಡಿ. ಇದನ್ನು ಮರೆತರೆ ಇಲ್ಲಿ ಬದಲಿಸಿದ್ದು ಅಲ್ಲಿಯೂ ಬದಲಾಗುತ್ತದೆ, ಆಮೇಲೆ ತಲೆ ಚಿಟ್ಟು ಹಿಡಿಯುತ್ತದೆ. ಹೆಡರ್‌ನಲ್ಲಿ ಅಧ್ಯಾಯದ ಹೆಸರು ಬರೆಯುವುದಾದರೆ ಅಲ್ಲಿಯೂ ಇದೇ ಬಟನ್ ಆಫ್ ಮಾಡಬೇಕು. ಹೆಡರ್ ಬೇರೆ, ಫೂಟರ್ ಬೇರೆ.

ಆಮೇಲೆ ಇನ್ಸರ್ಟ್, ಪೇಜ್ ನಂಬರ್, ಫಾರ್ಮ್ಯಾಟ್ ಪೇಜ್ ನಂಬರ್ಸ್. ಸ್ಟಾರ್ಟ್ ಅಟ್ 1 ಕೊಡಿ. ಹಿಂದಿನ ಸೆಕ್ಷನ್ನಿಗೆ ಹೋಗಿ ಅಲ್ಲಿ ರೋಮನ್ ಮಾದರಿ ಆರಿಸಿ. ಅದೇ ಸೆಕ್ಷನ್ನಿನಲ್ಲಿ ಡಿಫರೆಂಟ್ ಫಸ್ಟ್ ಪೇಜ್ ಟಿಕ್ ಮಾಡಿದರೆ ಕವರ್ ಪೇಜಿನ ಸಂಖ್ಯೆ ಮಾಯ.

ಮುಂಭಾಗದ ಪುಟಗಳ ಕ್ರಮ ಹೆಚ್ಚಾಗಿ ಹೀಗಿರುತ್ತದೆ: ಕವರ್, ಕಾಲೇಜಿನ ಸರ್ಟಿಫಿಕೇಟ್, ಕಂಪನಿಯ ಸರ್ಟಿಫಿಕೇಟ್, ಡಿಕ್ಲರೇಶನ್, ಅಕ್ನಾಲೆಡ್ಜ್‌ಮೆಂಟ್, ಅಬ್‌ಸ್ಟ್ರಾಕ್ಟ್, ವಿಷಯಸೂಚಿ, ಚಿತ್ರ ಮತ್ತು ಟೇಬಲ್‌ಗಳ ಪಟ್ಟಿ. ಅಬ್‌ಸ್ಟ್ರಾಕ್ಟ್ ಒಂದು ಪುಟ ದಾಟಬಾರದು, ಅದರಲ್ಲಿ ರೆಫರೆನ್ಸ್ ಬೇಡ. ಅಕ್ನಾಲೆಡ್ಜ್‌ಮೆಂಟ್‌ನಲ್ಲಿ ದೊಡ್ಡವರ ಪಟ್ಟಿಯ ಜೊತೆಗೆ ನಿಮಗೆ ನಿಜವಾಗಿ ಕೆಲಸ ತೋರಿಸಿಕೊಟ್ಟ ಫೋರ್‌ಮನ್, ಬಾರ್ ಬೆಂಡರ್, ಲ್ಯಾಬ್ ಟೆಕ್ನಿಷಿಯನ್‌ಗೂ ಒಂದು ಸಾಲು ಇರಲಿ.

ಹೆಜ್ಜೆ 5: ಚಿತ್ರ, ಟೇಬಲ್, ಅಂಕಿ

ಚಿತ್ರದ ಕ್ಯಾಪ್ಶನ್ ಚಿತ್ರದ ಕೆಳಗೆ. ಟೇಬಲ್‌ನ ಕ್ಯಾಪ್ಶನ್ ಟೇಬಲ್‌ನ ಮೇಲೆ. ರೆಫರೆನ್ಸಸ್ ಮೆನುವಿನ ಇನ್ಸರ್ಟ್ ಕ್ಯಾಪ್ಶನ್‌ನಿಂದಲೇ ಹಾಕಿ, ನಂಬರಿಂಗ್‌ನಲ್ಲಿ ಇನ್‌ಕ್ಲೂಡ್ ಚಾಪ್ಟರ್ ನಂಬರ್ ಟಿಕ್ ಮಾಡಿ. ಆಗ 3ನೇ ಅಧ್ಯಾಯದ ಎರಡನೇ ಟೇಬಲ್ ತಾನಾಗಿಯೇ ಟೇಬಲ್ 3.2 ಆಗುತ್ತದೆ. ಎರಡು ಸಂಖ್ಯೆಗಳ ನಡುವೆ ಚುಕ್ಕೆ ಬೇಕೋ ಅಡ್ಡಗೆರೆ ಬೇಕೋ ಎಂಬುದನ್ನೂ ಅಲ್ಲೇ ಆರಿಸಬಹುದು. ಪಠ್ಯದಲ್ಲಿ ಮೇಲಿನ ಟೇಬಲ್, ಕೆಳಗಿನ ಚಿತ್ರ ಅಂತ ಬರೆಯಬೇಡಿ. ಕ್ರಾಸ್ ರೆಫರೆನ್ಸ್ ಬಳಸಿ ಟೇಬಲ್ 3.2 ಅಂತಲೇ ಹೇಳಿ. ಪಠ್ಯದಲ್ಲಿ ಒಮ್ಮೆಯೂ ಹೆಸರೇ ಬರದ ಚಿತ್ರ ರಿಪೋರ್ಟಿಗೆ ಬೇಡವೇ ಬೇಡ.

ಇಂಟರ್ನೆಟ್‌ನಿಂದ ತೆಗೆದ ಸ್ಲಂಪ್ ಕೋನ್ ಚಿತ್ರಕ್ಕಿಂತ ನಿಮ್ಮ ಸೈಟಿನಲ್ಲಿ ತೆಗೆದ ಮಸುಕಾದ ಫೋಟೋ ಮೇಲು. ನಿಮ್ಮದೇ ಫೋಟೋ ಆದರೆ ಕ್ಯಾಪ್ಶನ್‌ನಲ್ಲಿ ತಾರೀಖು ಕೊಡಿ. ಬೇರೆ ಕಡೆಯಿಂದ ತಂದಿದ್ದರೆ ಕ್ಯಾಪ್ಶನ್ ಕೊನೆಯಲ್ಲಿ ಅದರ ರೆಫರೆನ್ಸ್ ಸಂಖ್ಯೆ ಇರಲೇಬೇಕು. ಚಿತ್ರಗಳನ್ನು ಇನ್ ಲೈನ್ ವಿತ್ ಟೆಕ್ಸ್ಟ್ ಮಾಡಿ ಇಟ್ಟರೆ ಅವು ಪುಟದಿಂದ ಪುಟಕ್ಕೆ ಹಾರುವುದಿಲ್ಲ.

ಅಂಕಿಗಳ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ. 150 ಮಿಮೀ ಕ್ಯೂಬ್‌ನ ಒತ್ತಡ ಬೀಳುವ ಮುಖ 150 × 150, ಅಂದರೆ 22,500 ಚದರ ಮಿಮೀ. ಮೂರು ಕ್ಯೂಬ್‌ಗಳು 630, 650, 615 ಕಿಲೋನ್ಯೂಟನ್‌ಗೆ ಒಡೆದವು ಅಂತಿಟ್ಟುಕೊಳ್ಳಿ. ಲೋಡನ್ನು ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮಿಮೀಗೆ 28.0, 28.9, 27.3 ನ್ಯೂಟನ್. ಸರಾಸರಿ ತೆಗೆಯಲು ಎಕ್ಸೆಲ್‌ಗೆ ಕೊಟ್ಟರೆ 28.07407407 ಅಂತ ತೋರಿಸುತ್ತದೆ. ಅದನ್ನು ಹಾಗೇ ರಿಪೋರ್ಟಿಗೆ ಅಂಟಿಸುವವರೇ ಜಾಸ್ತಿ. ಎಂಟು ದಶಮಾಂಶದಷ್ಟು ನಿಖರವಾಗಿ ಅಳೆಯುವ ಮೆಷಿನ್ ಯಾವ ಸೈಟಿನಲ್ಲೂ ಇಲ್ಲ. 28.1 ಸಾಕು. ಇಡೀ ಟೇಬಲ್‌ನಲ್ಲಿ ಒಂದೇ ದಶಮಾಂಶ ಇಟ್ಟುಕೊಳ್ಳಿ, ಯೂನಿಟ್ಟನ್ನು ಕಾಲಂ ತಲೆಯಲ್ಲಿ ಒಮ್ಮೆ ಬರೆಯಿರಿ. ಪಠ್ಯದಲ್ಲಿ ಅಂಕಿಗೂ ಯೂನಿಟ್‌ಗೂ ನಡುವೆ ಒಂದು ಜಾಗ ಬಿಡಿ. ಕಂಟ್ರೋಲ್, ಶಿಫ್ಟ್, ಸ್ಪೇಸ್ ಒಟ್ಟಿಗೆ ಒತ್ತಿದರೆ ಅಂಕಿ ಒಂದು ಸಾಲಿನಲ್ಲಿ, ಯೂನಿಟ್ ಇನ್ನೊಂದು ಸಾಲಿನಲ್ಲಿ ಒಡೆದು ಬೀಳುವುದಿಲ್ಲ.

ಹೆಜ್ಜೆ 6: ರೆಫರೆನ್ಸ್

ಐಇಇಇ ಶೈಲಿಯ ಮೂಲ ನಿಯಮ ಸರಳ. ಪಠ್ಯದಲ್ಲಿ ಮೊದಲು ಬಂದ ಮೂಲಕ್ಕೆ [1], ಆಮೇಲೆ ಬಂದಿದ್ದಕ್ಕೆ [2]. ಒಮ್ಮೆ ಸಂಖ್ಯೆ ಸಿಕ್ಕರೆ ರಿಪೋರ್ಟ್ ಮುಗಿಯುವವರೆಗೂ ಅದೇ ಸಂಖ್ಯೆ. ಕೊನೆಯ ಪಟ್ಟಿಯೂ ಇದೇ ಕ್ರಮದಲ್ಲಿ ಇರಬೇಕು, ಅಕಾರಾದಿಯಲ್ಲಿ ಅಲ್ಲ. ಪಟ್ಟಿಯಲ್ಲಿದ್ದು ಪಠ್ಯದಲ್ಲಿ ಎಲ್ಲಿಯೂ ಸಂಖ್ಯೆ ಬರದಿದ್ದರೆ ಅದು ರೆಫರೆನ್ಸೇ ಅಲ್ಲ. ಪಠ್ಯದಲ್ಲಿ ಒಂದೂ ಸಂಖ್ಯೆ ಇಲ್ಲದೆ ಕೊನೆಯಲ್ಲಿ ಹತ್ತು ಪುಸ್ತಕದ ಹೆಸರು ಬರೆದಿಟ್ಟ ರಿಪೋರ್ಟುಗಳು ಪ್ರತಿ ವರ್ಷ ಬರುತ್ತವೆ. ಯಾವ ಮಾತು ಯಾವ ಪುಸ್ತಕದ್ದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಒಂದು ಪ್ಯಾರಾ ತೆಗೆದುಕೊಂಡು ನೋಡೋಣ. ಮೂಲ ಇಂಗ್ಲಿಷ್‌ನಲ್ಲಿ ಇರುತ್ತದೆ, ಅರ್ಥಕ್ಕಾಗಿ ಕನ್ನಡದಲ್ಲಿ ಕೊಡುತ್ತೇನೆ:

"ಆರನೇ ಮಹಡಿಯ ಸ್ಲ್ಯಾಬ್‌ಗೆ ಹಾಕಿದ ಎಂ25 ಕಾಂಕ್ರೀಟ್‌ನಿಂದ ಮೂರು ಕ್ಯೂಬ್ ತುಂಬುವಾಗ ನಾನು ಸ್ಥಳದಲ್ಲಿದ್ದೆ. ಸೈಟ್ ರಿಜಿಸ್ಟರ್ ಪ್ರಕಾರ ಅವುಗಳ 28 ದಿನದ ಸರಾಸರಿ ಬಲ ಚದರ ಮಿಮೀಗೆ 28.1 ನ್ಯೂಟನ್ [4]. ಲೋಡುಗಳನ್ನು ಟೇಬಲ್ 3.2ರಲ್ಲಿ ಕೊಟ್ಟಿದೆ. ಮೂರರಲ್ಲಿ ಯಾವುದೂ ಸರಾಸರಿಯಿಂದ 15% ಗಿಂತ ಹೆಚ್ಚು ದೂರ ಇಲ್ಲ, ಆದ್ದರಿಂದ ಈ ಸರಾಸರಿಯನ್ನು ಸ್ಯಾಂಪಲ್‌ನ ಫಲಿತಾಂಶವಾಗಿ ತೆಗೆದುಕೊಳ್ಳಬಹುದು [2, ಕ್ಲಾಜ್ 15.4]."

ಮೊದಲ ವಾಕ್ಯ ನಿಮ್ಮದು. ಕಣ್ಣಾರೆ ನೋಡಿದ್ದು, ಅದಕ್ಕೆ ರೆಫರೆನ್ಸ್ ಬೇಡ. ಎರಡನೆಯದು ರಿಜಿಸ್ಟರ್‌ನದ್ದು. ನಾಲ್ಕು ವಾರ ಅಂದರೆ 28 ದಿನ. ಮೊದಲ ವಾರದ ಕೊನೆಗೆ ತುಂಬಿದ ಕ್ಯೂಬ್ ಒಡೆಯುವ ಹೊತ್ತಿಗೆ ನಿಮ್ಮ ಇಂಟರ್ನ್‌ಶಿಪ್ ಮುಗಿದಿರುತ್ತದೆ. ಆಮೇಲೆ ಕೇಳಿ ತರಿಸಿಕೊಂಡ ಅಂಕಿಯನ್ನು ನಾನೇ ಟೆಸ್ಟ್ ಮಾಡಿದೆ ಅಂತ ಬರೆದರೆ ತಾರೀಖುಗಳೇ ನಿಮ್ಮನ್ನು ಹಿಡಿದುಕೊಡುತ್ತವೆ. ನಾಲ್ಕನೆಯ ವಾಕ್ಯದ ನಿಯಮ ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಆದ ಐಎಸ್ 456ರದ್ದು, ಅದರಲ್ಲಿಯೂ ಯಾವ ಕ್ಲಾಜ್ (ಕಲಂ) ಅಂತ ಹೇಳಿದ್ದೀರಿ. ನೂರು ಪುಟದ ಕೋಡ್‌ಗೆ ಸುಮ್ನೆ [2] ಅಂತ ಹಾಕಿದರೆ ಓದುವವರು ಎಲ್ಲಿ ಹುಡುಕಬೇಕು? ಇನ್ನೊಂದು ಮಾತು. ಈ ಪ್ಯಾರಾದಲ್ಲಿ ಕಾಂಕ್ರೀಟ್ ಪಾಸಾಯಿತು ಎಂಬ ಮಾತಿಲ್ಲ. ಐಎಸ್ 456 ಪ್ರಕಾರ ಕಾಂಕ್ರೀಟನ್ನು ಒಪ್ಪುವಾಗ ಸತತ ನಾಲ್ಕು ಟೆಸ್ಟ್ ಫಲಿತಾಂಶಗಳ ಸರಾಸರಿಯನ್ನೂ ನೋಡಬೇಕು. ನಿಮ್ಮ ಬಳಿ ಇರುವುದು ಒಂದು. ಇದ್ದಷ್ಟೇ ಹೇಳುವುದು ರಿಪೋರ್ಟಿಗೆ ತೂಕ ಕೊಡುತ್ತದೆ.

ಆ [2] ಪಟ್ಟಿಯಲ್ಲಿ ಹೀಗೆ ಬರುತ್ತದೆ: ಪ್ಲೇನ್ ಅಂಡ್ ರೀಇನ್‌ಫೋರ್ಸ್ಡ್ ಕಾಂಕ್ರೀಟ್ – ಕೋಡ್ ಆಫ್ ಪ್ರಾಕ್ಟೀಸ್, ಐಎಸ್ 456:2000, ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್, ನವದೆಹಲಿ, 2000. ಕೋಡ್‌ನ ಹೆಸರು ಇಟಾಲಿಕ್ಸ್‌ನಲ್ಲಿ ಇರಬೇಕು.

ಕೋಡ್‌ನ ವರ್ಷ ಸಣ್ಣ ವಿಷಯ ಅಲ್ಲ. ಮಿಕ್ಸ್ ಡಿಸೈನ್‌ನ ಐಎಸ್ 10262 ಮೊದಲು 2009ರದ್ದು ಇತ್ತು, ಈಗ 2019ರದ್ದು. ಜಲ್ಲಿ, ಮರಳಿನ ಐಎಸ್ 383 ಹಿಂದೆ 1970ರದ್ದು, ಆಮೇಲೆ 2016ರಲ್ಲಿ ಬದಲಾಯಿತು. ಸೀನಿಯರ್ ಪಟ್ಟಿಯನ್ನು ಎತ್ತಿಹಾಕಿದರೆ ರದ್ದಾದ ಕೋಡ್ ನಿಮ್ಮ ರಿಪೋರ್ಟಿನಲ್ಲಿ ಬಂದು ಕೂರುತ್ತದೆ. ಕೋಡ್‌ಗಳನ್ನು ಬಿಐಎಸ್ ತನ್ನ ಪೋರ್ಟಲ್‌ನಲ್ಲಿ ಉಚಿತವಾಗಿಯೇ ಕೊಡುತ್ತದೆ, ತೆರೆದು ನೋಡಿ. ಸೈಟಿನವರೇ ಹಳೆಯ ಕೋಡ್ ಬಳಸಿದ್ದರೆ ಅದನ್ನೇ ರೆಫರೆನ್ಸ್ ಮಾಡಿ, ಹೊಸದು ಬಂದಿದೆ ಅಂತ ಪಕ್ಕದಲ್ಲಿ ಒಂದು ಸಾಲು ಸೇರಿಸಿ. ವೈವಾದಲ್ಲಿ ಅದೇ ನಿಮ್ಮ ಒಳ್ಳೆಯ ಚರ್ಚೆ ಆಗಬಹುದು.

ಇನ್ನು ಪುಸ್ತಕದಲ್ಲಿ ಸಿಗದ ಮೂಲಗಳು. ಇಂಟರ್ನ್‌ಶಿಪ್ ರಿಪೋರ್ಟಿನ ಜೀವ ಇರುವುದೇ ಇವುಗಳಲ್ಲಿ, ಆದರೆ ಯಾರೂ ರೆಫರೆನ್ಸ್ ಮಾಡುವುದಿಲ್ಲ. ಸೈಟ್ ರಿಜಿಸ್ಟರ್‌ಗೆ ಹೀಗೆ ಬರೆಯಬಹುದು: ಕಂಪನಿಯ ಹೆಸರು, ಕ್ಯೂಬ್ ಟೆಸ್ಟ್ ರಿಜಿಸ್ಟರ್, ಪ್ರಕಟವಾಗದ ಸೈಟ್ ದಾಖಲೆ, ಊರು, ಎಂಟ್ರಿಯ ತಾರೀಖು. ಡ್ರಾಯಿಂಗ್‌ಗೆ: ಕಂಪನಿ, ಡ್ರಾಯಿಂಗ್‌ನ ಹೆಸರು, ನಂಬರ್, ರಿವಿಷನ್, ತಾರೀಖು. ಕಂಪನಿ ಹೆಸರು ಹಾಕಬೇಡಿ ಅಂದರೆ ದಾಖಲೆಯ ಬಗೆ ಮತ್ತು ತಾರೀಖು ಮಾತ್ರ ಕೊಡಿ.

ಸೈಟ್ ಇಂಜಿನಿಯರ್ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ದಾರಿ ಇದೆ. ಐಇಇಇಯಲ್ಲಿ ಹೇಳಿದವರ ಹೆಸರು, ಪ್ರೈವೇಟ್ ಕಮ್ಯುನಿಕೇಶನ್, ತಿಂಗಳು, ವರ್ಷ ಅಂತ ಪಟ್ಟಿಗೆ ಸೇರಿಸಬಹುದು. ಎಂಬಿಎಯವರು ಹೆಚ್ಚಾಗಿ ಬಳಸುವ ಎಪಿಎ ಶೈಲಿಯಲ್ಲಿ ಅದು ಪಠ್ಯದಲ್ಲಿ ಮಾತ್ರ ಬರುತ್ತದೆ, ಪಟ್ಟಿಯಲ್ಲಿ ಬರುವುದಿಲ್ಲ. ಎರಡರಲ್ಲೂ ಅವರನ್ನು ಕೇಳಿಯೇ ಹೆಸರು ಹಾಕಿ. "ಈ ಕಡೆ ಮಣ್ಣು ಗಟ್ಟಿ ಇದೆ, ಅದಕ್ಕೆ ಫೂಟಿಂಗ್ ಇಷ್ಟೇ ಆಳ ಸಾಕಾಯ್ತು" ಎಂಬ ಮಾತು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ಹೇಳಿದವರಿಗೆ ಅದರ ಶ್ರೇಯಸ್ಸು ಸಲ್ಲಬೇಕು.

ವೆಬ್‌ಸೈಟ್‌ಗೆ ಬರೀ ಲಿಂಕ್ ಸಾಲದು. ಸಂಸ್ಥೆಯ ಹೆಸರು, ಪುಟದ ಶೀರ್ಷಿಕೆ, ಪೂರ್ತಿ ವಿಳಾಸ, ನೀವು ನೋಡಿದ ತಾರೀಖು ಬೇಕು. ಗೂಗಲ್ ಹುಡುಕಾಟದ ಉದ್ದನೆಯ ಲಿಂಕ್ ಅಂಟಿಸಬೇಡಿ. ಜರ್ನಲ್ ಲೇಖನಕ್ಕೆ ಲೇಖಕರು, ಶೀರ್ಷಿಕೆ, ಜರ್ನಲ್, ಸಂಪುಟ, ಸಂಚಿಕೆ, ಪುಟ, ವರ್ಷ, ಡಿಒಐ (ಲೇಖನದ ಡಿಜಿಟಲ್ ಗುರುತುಸಂಖ್ಯೆ). ಪುಸ್ತಕಕ್ಕೆ ಲೇಖಕರು, ಹೆಸರು, ಎಷ್ಟನೇ ಆವೃತ್ತಿ, ಊರು, ಪ್ರಕಾಶಕರು, ವರ್ಷ.

ನಮ್ಮ ಕಡೆಯ ಹೆಸರುಗಳಲ್ಲಿ ಒಂದು ತೊಡಕಿದೆ. ರಮೇಶ್ ಎಂಬುವರಿಗೆ ಊರಿನ, ಅಪ್ಪನ ಹೆಸರಿನ ಎರಡು ಇನಿಷಿಯಲ್ ಇರುತ್ತವೆ, ಸರ್‌ನೇಮ್ ಇರುವುದಿಲ್ಲ. ಕೆಲವು ಪ್ರಕಾಶಕರು ರಮೇಶ್ ಕೆ. ಎನ್. ಅಂತ ಅಚ್ಚು ಹಾಕುತ್ತಾರೆ. ರೆಫರೆನ್ಸ್ ಸಾಫ್ಟ್‌ವೇರ್ ಕೊನೆಯ ಅಕ್ಷರವನ್ನೇ ಸರ್‌ನೇಮ್ ಅಂದುಕೊಂಡು ರಮೇಶ್ ಅವರನ್ನು ಎನ್. ಮಾಡಿಬಿಡುತ್ತದೆ. ಇಂಥ ಹೆಸರಲ್ಲಿ ಪೂರ್ತಿ ಬರೆದ ಭಾಗವನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ. ಐಇಇಇಯಲ್ಲಿ ಕೆ. ಎನ್. ರಮೇಶ್ ಅಂತಲೂ, ಎಪಿಎಯಲ್ಲಿ ರಮೇಶ್, ಕೆ. ಎನ್. ಅಂತಲೂ ಬರುತ್ತದೆ. ಲೇಖಕರು ಆರಕ್ಕಿಂತ ಜಾಸ್ತಿ ಇದ್ದರೆ ಐಇಇಇ ಪಟ್ಟಿಯಲ್ಲಿ ಮೊದಲನೆಯವರ ಹೆಸರು ಬರೆದು ಎಟ್ ಆಲ್. (ಮತ್ತಿತರರು) ಅನ್ನಬಹುದು.

ಇದನ್ನೆಲ್ಲ ಕೈಯಲ್ಲಿ ಸಂಭಾಳಿಸುವುದು ಕಷ್ಟ. ಜೊಟೆರೊ ಎಂಬ ರೆಫರೆನ್ಸ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಬ್ರೌಸರ್‌ನಲ್ಲಿ ಅದರ ಬಟನ್ ಒತ್ತಿದರೆ ಲೇಖನದ ವಿವರ ತಾನಾಗಿ ಸೇರುತ್ತದೆ, ವರ್ಡ್‌ನಲ್ಲಿ ಅದರ ಮೆನುವಿನಿಂದ ಸಂಖ್ಯೆ ಹಾಕಬಹುದು. ನಡುವೆ ಹೊಸ ಮೂಲ ಸೇರಿಸಿದರೆ ಉಳಿದ ಸಂಖ್ಯೆಗಳು ಸರಿಯಾಗಿಯೇ ಬದಲಾಗುತ್ತವೆ. ಕೋಡ್, ರಿಜಿಸ್ಟರ್, ಡ್ರಾಯಿಂಗ್‌ಗಳ ವಿವರವನ್ನು ಮಾತ್ರ ನೀವೇ ತುಂಬಿಸಬೇಕು. ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನು ಒಮ್ಮೆ ಕಣ್ಣಿಟ್ಟು ಓದಿ. ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ, ವರ್ಷವೇ ಇಲ್ಲದ ಎಂಟ್ರಿ, ಇಂಥವು ನುಸುಳಿರುತ್ತವೆ.

ಎಂಬಿಎ ಡಿಪಾರ್ಟ್‌ಮೆಂಟುಗಳು ಸಾಮಾನ್ಯವಾಗಿ ಎಪಿಎ ಕೇಳುತ್ತವೆ. ಅಲ್ಲಿ ಸಂಖ್ಯೆ ಇಲ್ಲ. ಪಠ್ಯದಲ್ಲಿ ಲೇಖಕರ ಹೆಸರು ಮತ್ತು ವರ್ಷ, ಪಟ್ಟಿ ಅಕಾರಾದಿಯಲ್ಲಿ. ಈಗ ನಡೆಯುತ್ತಿರುವುದು ಏಳನೇ ಆವೃತ್ತಿ. ಯಾವುದನ್ನೇ ಹಿಡಿಯಿರಿ, ಒಂದು ರಿಪೋರ್ಟಿನಲ್ಲಿ ಒಂದೇ ಶೈಲಿ.

ಎಐ ಕೊಟ್ಟ ರೆಫರೆನ್ಸ್ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಚಾಟ್‌ಜಿಪಿಟಿಯಂಥವು ಇಲ್ಲದ ಲೇಖನವನ್ನು ಇದ್ದಂತೆಯೇ ಬರೆದುಕೊಡಬಲ್ಲವು. ಹೆಸರು, ಜರ್ನಲ್, ಪುಟಸಂಖ್ಯೆ ಎಲ್ಲ ನಂಬುವ ಹಾಗೆ ಇರುತ್ತದೆ. ಡಿಒಐ ಹಾಕಿ ಹುಡುಕಿ. ಲೇಖನ ತೆರೆಯದಿದ್ದರೆ, ನೀವು ಓದದೇ ಇದ್ದರೆ, ಅದು ಪಟ್ಟಿಗೆ ಬರಬಾರದು.

ಹೆಜ್ಜೆ 7: ಕಂಪನಿ ಪರಿಚಯ ಮತ್ತು ಪ್ಲೇಜಿಯರಿಸಂ ಚೆಕ್

ಪ್ಲೇಜಿಯರಿಸಂ ಚೆಕ್ ಅಂದರೆ ಬೇರೆಯವರ ಬರಹ ನಕಲಾಗಿದೆಯಾ ಅಂತ ನೋಡುವುದು. ಅದರಲ್ಲಿ ಹೋಲಿಕೆ ಅತಿ ಹೆಚ್ಚು ಸಿಗುವುದು ಕಂಪನಿ ಪರಿಚಯದ ಅಧ್ಯಾಯದಲ್ಲಿ. ವೆಬ್‌ಸೈಟಿನ "ನಾವು ಮುಂಚೂಣಿಯ ಸಂಸ್ಥೆ" ಎಂಬ ವಾಕ್ಯ ಹಾಗೇ ಬಂದು, ಯಾರು ಈ ನಾವು ಅಂತ ಕೇಳುವ ಹಾಗಾಗುತ್ತದೆ. ವೆಬ್‌ಸೈಟ್ ಮುಚ್ಚಿಟ್ಟು ಬರೆಯಿರಿ. ಸೈಟಿನಲ್ಲಿ ಯಾರ ಕೆಳಗೆ ಯಾರು ಕೆಲಸ ಮಾಡುತ್ತಾರೆ, ನಿಮ್ಮನ್ನು ಯಾವ ತಂಡಕ್ಕೆ ಹಾಕಿದರು, ಕಾಂಕ್ರೀಟ್ ಎಲ್ಲಿಂದ ಬರುತ್ತಿತ್ತು, ಇಷ್ಟಿದ್ದರೆ ಎರಡು ಪುಟ ಆಗುತ್ತದೆ. ಸ್ಥಾಪನೆಯ ವರ್ಷದಂಥ ವಿವರಕ್ಕೆ ಮಾತ್ರ ವೆಬ್‌ಸೈಟ್ ರೆಫರೆನ್ಸ್ ಸಾಕು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಗಳ ಪ್ರಕಾರ 10%ವರೆಗಿನ ಸಣ್ಣಪುಟ್ಟ ಹೋಲಿಕೆಗೆ ದಂಡ ಇಲ್ಲ. ಮೂಲ ಹೇಳಿ ಉದ್ಧರಿಸಿದ ಭಾಗ, ರೆಫರೆನ್ಸ್ ಪಟ್ಟಿ, ವಿಷಯಸೂಚಿ, ಅಕ್ನಾಲೆಡ್ಜ್‌ಮೆಂಟ್ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮಾತಾದರೆ ಸತತ 14 ಪದದವರೆಗೆ ವಿನಾಯಿತಿ ಇದೆ. ಇಂಟರ್ನ್‌ಶಿಪ್ ರಿಪೋರ್ಟಿಗೆ ಎಷ್ಟು ಮಿತಿ ಅಂತ ನಿಮ್ಮ ಗೈಡ್ ಹತ್ತಿರ ಕೇಳಿಕೊಳ್ಳಿ. ಆದರೆ ಶೇಕಡಾ ಇಳಿಸಲು ಪದ ಬದಲಿಸುತ್ತಾ ಕೂರಬೇಡಿ. ಕಂಪ್ರೆಸಿವ್ ಸ್ಟ್ರೆಂಗ್ತ್ ಎಂಬುದು ಹೀಗೆ ಪದ ಬದಲಿಸುವ ಆ್ಯಪ್‌ಗಳ ಬಾಯಲ್ಲಿ ಏನೇನೋ ಆಗಿ ಬರುತ್ತದೆ, ಅದನ್ನು ಓದಿದ ಗೈಡ್‌ಗೆ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 8: ಪಿಡಿಎಫ್, ಪ್ರಿಂಟ್, ಬೈಂಡಿಂಗ್

ಬರೆದು ಮುಗಿಸಿದ ಮೇಲೆ ರೆಫರೆನ್ಸಸ್ ಮೆನುವಿನಿಂದ ವಿಷಯಸೂಚಿ, ಚಿತ್ರಗಳ ಪಟ್ಟಿ, ಟೇಬಲ್‌ಗಳ ಪಟ್ಟಿ ಸೇರಿಸಿ. ನಂತರ ಕಂಟ್ರೋಲ್ + ಎ, ಆಮೇಲೆ ಎಫ್9 ಒತ್ತಿ, ಅಪ್‌ಡೇಟ್ ಎಂಟೈರ್ ಟೇಬಲ್ ಆರಿಸಿ. ಅದಾದ ಮೇಲೆ ಫೈಲಿನಲ್ಲಿ ಎರರ್ ಎಂಬ ಪದ ಹುಡುಕಿ. ಅಳಿಸಿಹಾಕಿದ ಚಿತ್ರಕ್ಕೆ ಕೊಟ್ಟ ಕ್ರಾಸ್ ರೆಫರೆನ್ಸ್ ಇದ್ದರೆ ವರ್ಡ್ ಅಲ್ಲಿ ದಪ್ಪಕ್ಷರದಲ್ಲಿ ಎರರ್ ಅಂತ ಬರೆದಿರುತ್ತದೆ. ಅದು ಹಾಗೇ ಪ್ರಿಂಟ್ ಆಗಿ ಬಂದಿದ್ದನ್ನು ತುಂಬಾ ಸಲ ನೋಡಿದ್ದೇನೆ.

ಪಿಡಿಎಫ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವರ್ಡ್ ಫೈಲ್ ತೆರೆದರೆ ಫಾಂಟ್ ಬದಲಾಗಿ ಪುಟಗಳು ಜಾರುತ್ತವೆ. ಕವರ್‌ನಲ್ಲೋ ಅನುಬಂಧದಲ್ಲೋ ಕನ್ನಡ ಇದ್ದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ಸಾಫ್ಟ್‌ವೇರ್‌ನ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಪ್ರಿಂಟ್ ಕೊಡುವಾಗ ಆ್ಯಕ್ಚುವಲ್ ಸೈಜ್ ಅಂತ ಹೇಳಿ. ಫಿಟ್ ಟು ಪೇಜ್ ಇಟ್ಟರೆ ಪುಟ ಕುಗ್ಗಿ ಮಾರ್ಜಿನ್ ಲೆಕ್ಕ ತಪ್ಪಬಹುದು. ಕಲರ್ ಬೇಕಾದ ಪುಟಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪಿಡಿಎಫ್‌ನ ಪುಟಕ್ರಮದ ಪ್ರಕಾರ ಬರೆಯಿರಿ. ರೋಮನ್ ಪುಟಗಳು ಮುಂದೆ ಇರುವುದರಿಂದ ರಿಪೋರ್ಟಿನ 12ನೇ ಪುಟ ಪಿಡಿಎಫ್‌ನಲ್ಲಿ 12ನೆಯದಾಗಿರುವುದಿಲ್ಲ. ಮೊದಲು ಒಂದೇ ಕಾಪಿ ತೆಗೆಸಿ ಸ್ಪೈರಲ್ ಹಾಕಿಸಿ ಗೈಡ್‌ಗೆ ಕೊಡಿ. ಅವರು ಹಾಕಿದ ತಿದ್ದುಪಡಿ ಮುಗಿದ ಮೇಲೆ ಉಳಿದ ಕಾಪಿ, ಹಾರ್ಡ್ ಬೈಂಡಿಂಗ್. ಕಂಪನಿಯ ಮೂಲ ಸರ್ಟಿಫಿಕೇಟನ್ನು ಬೈಂಡ್ ಮಾಡಿಸಬೇಡಿ, ಅದರ ಕಲರ್ ಜೆರಾಕ್ಸ್ ಹಾಕಿ. ಮೂಲ ಪ್ರತಿ ನಿಮ್ಮ ಫೈಲಿನಲ್ಲಿರಲಿ. ಕೆಲಸಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆ.